ಕುಮಟಾದ ಸಾವು, ಉಡುಪಿಯ ಲೆಕ್ಕ

ವಿಧಾನಮಂಡಲದಲ್ಲಿ ಶಾಸಕರು ಕೇಳಿದ ಪ್ರಶ್ನೆಗೆ ಸರ್ಕಾರ ಕೊಡುವ ಉತ್ತರದ ಹಾಳೆಯನ್ನು ಒಮ್ಮೆ ಕಂಡವರು ಅದರ ಧಾಟಿಯನ್ನು ಮರೆಯುವುದಿಲ್ಲ. ಹಾಳೆಗೆ ಎರಡು ಕಲಂ. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಎಡಗಡೆ (ಅ) ಎಂದು ಶುರುವಾಗಿ, ಇಂಥ ತಾಲ್ಲೂಕಿನ ಆಸ್ಪತ್ರೆಯಲ್ಲಿ ತಜ್ಞ ವೈದ್ಯರಿಲ್ಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ ಎಂದಿರುತ್ತದೆ. ಬಲಗಡೆ ಒಂದೇ ಪದ: ಬಂದಿದೆ. (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು, ವಿವರ ನೀಡುವುದು. ವಿವರವನ್ನು ಅನುಬಂಧ-1ರಲ್ಲಿ ಒದಗಿಸಿದೆ. ಮೊದಲನೆಯದಕ್ಕೇ 'ಬಂದಿರುವುದಿಲ್ಲ' ಎಂದುಬಿಟ್ಟರೆ ಕೆಲಸ ಇನ್ನೂ ಹಗುರ. ಉಳಿದ ಅಷ್ಟಕ್ಕೂ 'ಉದ್ಭವಿಸುವುದಿಲ್ಲ'.

ಈ ಹಾಳೆಯನ್ನು ಹಗುರವಾಗಿ ನೋಡುವವರು ಬಹಳ. ಸದನದ ಗದ್ದಲ ಟಿವಿಯಲ್ಲಿ ಬರುತ್ತದೆ, ಅನುಬಂಧ ಬರುವುದಿಲ್ಲ. ಆದರೆ ಸರ್ಕಾರ ತನ್ನ ಲೆಕ್ಕವನ್ನು ಸಚಿವರ ಸಹಿಯೊಡನೆ ಹೊರಗಿಡುವ ಜಾಗಗಳು ಕೆಲವೇ. ಪ್ರಶ್ನೆ ಕೇಳುವ ಹಕ್ಕೂ ಪುಕ್ಕಟೆ ಬಂದದ್ದಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಇರುವ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಅಲ್ಲಿಂದ ಮೂವತ್ತು ವರ್ಷ ಕಳೆದು, 1892ರ ಕಾಯ್ದೆ ಬಂದ ಮೇಲೆಯೇ ಶಾಸನ ಪರಿಷತ್ತಿನ ಸದಸ್ಯರಿಗೆ ಪ್ರಶ್ನೆ ಹಾಕುವ ಅವಕಾಶ ಸಿಕ್ಕಿದ್ದು. ಉತ್ತರ ಕೇಳಿ ಅದರ ಬೆನ್ನಿಗೇ ಉಪಪ್ರಶ್ನೆ ಎತ್ತಲು 1909ರವರೆಗೆ ಕಾಯಬೇಕಾಯಿತು. ಅದೇ ಮುಂಬೈ ಪ್ರಾಂತ್ಯದ ಗೋಪಾಲಕೃಷ್ಣ ಗೋಖಲೆ 1911ರಲ್ಲಿ ಪ್ರಾಥಮಿಕ ಶಿಕ್ಷಣದ ಮಸೂದೆ ತಂದಾಗ ಅವರ ಕೈಯಲ್ಲಿದ್ದ ದೊಡ್ಡ ಆಯುಧ ಸರ್ಕಾರದ್ದೇ ಅಂಕಿಅಂಶ. ಮಸೂದೆ ಮರುವರ್ಷ 13ಕ್ಕೆ 38 ಮತಗಳಿಂದ ಬಿದ್ದುಹೋಯಿತು. ವಾದ ಮಾತ್ರ ಬೀಳಲಿಲ್ಲ.

ಹಾಗಾಗಿ ನಮ್ಮ ಕರಾವಳಿಯ ಶಾಸಕರು ವಿದ್ಯಾರ್ಥಿವೇತನದ ಬಗ್ಗೆ, ಆಸ್ಪತ್ರೆಗಳ ಬಗ್ಗೆ ಸದನದಲ್ಲಿ ಅಂಕಿಅಂಶ ಕೇಳಿದರೆಂದು ಪತ್ರಿಕೆಯ ಒಳಪುಟದಲ್ಲಿ ಓದಿದಾಗ ನನಗೆ ಸಂತೋಷವೇ ಆಗುತ್ತದೆ. ತಕರಾರು ಇರುವುದು ಕೇಳುವ ಬಗೆಯಲ್ಲಿ. ಭಟ್ಕಳದಿಂದ ಕುಮಟಾದವರೆಗಿನ ಜನ ದೊಡ್ಡ ಕಾಯಿಲೆಗೂ ದೊಡ್ಡ ಓದಿಗೂ ಊರು ಬಿಟ್ಟು ಹೋಗುವವರು. ಸರ್ಕಾರ ಲೆಕ್ಕ ಇಡುವುದು ಕಚೇರಿ, ಆಸ್ಪತ್ರೆ, ಕಾಲೇಜು ಇರುವ ಜಾಗದಲ್ಲಿ. ಮನೆ ಒಂದು ಕಡೆ, ಲೆಕ್ಕ ಇನ್ನೊಂದು ಕಡೆ. 'ನನ್ನ ತಾಲ್ಲೂಕಿನಲ್ಲಿ ಎಷ್ಟು' ಎಂದು ಕೇಳಿದರೆ ತಾಲ್ಲೂಕಿನ ಕಟ್ಟಡಗಳ ಲೆಕ್ಕ ಬರುತ್ತದೆ, ತಾಲ್ಲೂಕಿನ ಜನರದ್ದು ಬರುವುದಿಲ್ಲ. ಇಲ್ಲಿನ ಶಾಸಕರು ಕೇಳಬೇಕಾದದ್ದು ಮನೆಯ ವಿಳಾಸದ ಲೆಕ್ಕ.

ಹುಟ್ಟು–ಸಾವಿನಿಂದಲೇ ನೋಡಿ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವು ಎಲ್ಲಿ ಸಂಭವಿಸಿತೋ ಅಲ್ಲೇ ನೋಂದಣಿ. ಕುಮಟಾದಿಂದ ಉಡುಪಿ ಜಿಲ್ಲೆಯ ಮಣಿಪಾಲದ ದೊಡ್ಡ ಆಸ್ಪತ್ರೆಗೆ ಸುಮಾರು 150 ಕಿಲೋಮೀಟರು, ಭಟ್ಕಳದಿಂದ 90ರ ಆಸುಪಾಸು. ಎದೆನೋವು, ತಲೆಗೆ ಪೆಟ್ಟು, ತೂಕ ಕಡಿಮೆಯ ಕೂಸು ಎಂದರೆ ಗಾಡಿ ಹೊರಡುವುದು ದಕ್ಷಿಣಕ್ಕೆ. 2016ರಲ್ಲಿ ಕಾರವಾರಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ, ನಿಜ. ಆದರೆ ಭಟ್ಕಳದವರಿಗೆ ಕಾರವಾರ ಮಣಿಪಾಲಕ್ಕಿಂತ ದೂರ. ದಾರಿಯಲ್ಲೋ ಅಲ್ಲಿ ಮುಟ್ಟಿದ ಮೇಲೋ ಜೀವ ಹೋದರೆ ಆ ಸಾವು ಉಡುಪಿ ಜಿಲ್ಲೆಯ ಪುಸ್ತಕಕ್ಕೆ ಸೇರುತ್ತದೆ. ಕುಮಟಾ ತಾಲ್ಲೂಕಿನ ಆಸ್ಪತ್ರೆಯಲ್ಲಿ ಆದ ಸಾವುಗಳನ್ನು ಕೇಳಿದರೆ ಪಟ್ಟಿ ಚಿಕ್ಕದಾಗಿಯೇ ಕಾಣುತ್ತದೆ. ಉಳಿಸಲು ಆಗದವರನ್ನು ಮೊದಲೇ ಮುಂದಕ್ಕೆ ಕಳಿಸಿಬಿಡುವ ಆಸ್ಪತ್ರೆಯಲ್ಲಿ ಸಾವು ಕಡಿಮೆ ಇರದೆ ಇನ್ನೇನು?

2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದ ಕಡೆ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್, ಮಳೆ ಬಿದ್ದು ಒದ್ದೆಯಾದ ಹೆದ್ದಾರಿಯಲ್ಲಿ ಜಾರಿ ಶಿರೂರಿನ ಟೋಲ್ ಗೇಟಿಗೆ ಅಪ್ಪಳಿಸಿತು. ನಾಲ್ವರು ಸತ್ತರು. ಟೋಲಿನ ಕ್ಯಾಮೆರಾದಲ್ಲಿ ಸೆರೆಯಾದ ಆ ಕ್ಷಣಗಳನ್ನು ರಾಜ್ಯವೆಲ್ಲ ನೋಡಿತು. (ಇದು ಬೈಂದೂರು ತಾಲ್ಲೂಕಿನ ಶಿರೂರು. 2024ರ ಜುಲೈನಲ್ಲಿ ಗುಡ್ಡ ಕುಸಿದದ್ದು ಅಂಕೋಲಾದ ಶಿರೂರು. ಒಂದೇ ಹೆದ್ದಾರಿ, ಒಂದೇ ಹೆಸರು, ಎರಡೂ ಮಳೆಗಾಲದಲ್ಲಿ.) ಸತ್ತವರು ಹೊರಟದ್ದು ತಮ್ಮ ತಾಲ್ಲೂಕಿನಲ್ಲಿ ಸಿಗದ ಚಿಕಿತ್ಸೆಯನ್ನು ಹುಡುಕಿ. ಸರ್ಕಾರದ ಲೆಕ್ಕದಲ್ಲಿ ಮಾತ್ರ ಅದು ಉಡುಪಿ ಜಿಲ್ಲೆಯ ಒಂದು ರಸ್ತೆ ಅಪಘಾತ. ಉತ್ತರ ಕನ್ನಡದ ಆರೋಗ್ಯ ಇಲಾಖೆಯ ಯಾವ ಕಲಂನಲ್ಲೂ ಅದಕ್ಕೆ ಜಾಗವಿಲ್ಲ. ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲೇ ಟ್ವಿಟ್ಟರಿನಲ್ಲಿ ಅಭಿಯಾನ ನಡೆಸಿದ್ದ ಜಿಲ್ಲೆಯ ಹುಡುಗರು ಈ ಅಪಘಾತದ ನಂತರ 'ಆಸ್ಪತ್ರೆ ಇಲ್ಲವೆಂದರೆ ಮತವೂ ಇಲ್ಲ' ಎನ್ನುವವರೆಗೆ ಹೋದರು. ಸಚಿವರಿಂದ ಆಶ್ವಾಸನೆಗಳೂ ಬಂದವು. ಆದರೆ ಈ ಮೂರು ತಾಲ್ಲೂಕುಗಳಿಂದ ವರ್ಷಕ್ಕೆ ಎಷ್ಟು ರೋಗಿಗಳು ಜಿಲ್ಲೆಯ ಗಡಿ ದಾಟುತ್ತಾರೆ, ಯಾವ ಕಾಯಿಲೆಗೆ, ಅವರಲ್ಲಿ ತಿರುಗಿ ಬಂದವರೆಷ್ಟು ಎಂಬ ಒಂದು ಪುಟದ ಪಟ್ಟಿ ಆ ವಾದದ ಕೈಯಲ್ಲಿದ್ದಿದ್ದರೆ, ಆಶ್ವಾಸನೆಯಿಂದ ನುಣುಚಿಕೊಳ್ಳುವುದು ಅಷ್ಟು ಸಲೀಸಾಗುತ್ತಿರಲಿಲ್ಲ.

ಆ ಪಟ್ಟಿ ಮಾಡುವುದು ಕಷ್ಟವೇ? ಇಲ್ಲಿಯೇ ನನಗೆ ಅಚ್ಚರಿ. ಮಾಹಿತಿ ಸರ್ಕಾರದ ಬಳಿ ಇದೆ. ಮರಣ ನೋಂದಣಿಯ ನಮೂನೆಯಲ್ಲಿ ಸತ್ತ ಜಾಗದ ಜೊತೆಗೆ ಮೃತರ ವಾಸದ ಊರನ್ನೂ ಬರೆಯಲು ಖಾನೆ ಉಂಟು. ಜನನದ ನಮೂನೆಯಲ್ಲಿ ತಾಯಿಯ ವಾಸದ ಊರು. ಗರ್ಭಿಣಿಗೆ ಕೊಡುವ ತಾಯಿ ಕಾರ್ಡಿನ ಸಂಖ್ಯೆ ಆಕೆಯ ಊರಿನ ಆರೋಗ್ಯ ಸಹಾಯಕಿಯ ಹತ್ತಿರ ಶುರುವಾಗುತ್ತದೆ, ಹೆರಿಗೆ ಎಲ್ಲೇ ಆಗಲಿ ಆ ಸಂಖ್ಯೆ ಜೊತೆಗೇ ಹೋಗುತ್ತದೆ. 2018ರಿಂದ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಆಸ್ಪತ್ರೆಗೆ ದುಡ್ಡು ಕಟ್ಟುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ರೋಗಿ ಯಾವ ಊರಿನವರು, ಯಾವ ಆಸ್ಪತ್ರೆಗೆ ಯಾವ ಚಿಕಿತ್ಸೆಗೆ ಹೋದರು ಎಂಬುದಿಲ್ಲದೆ ಬಿಲ್ ಪಾಸಾಗುವುದಿಲ್ಲ. 2008ರಿಂದ ಓಡುತ್ತಿರುವ 108 ಆಂಬುಲೆನ್ಸಿಗೂ ಎಲ್ಲಿಂದ ಎತ್ತಿದೆ, ಎಲ್ಲಿ ಇಳಿಸಿದೆ ಎಂಬ ದಾಖಲೆ ಇದ್ದೇ ಇದೆ. ಹೊನ್ನಾವರ ತಾಲ್ಲೂಕು ಆಸ್ಪತ್ರೆಯಲ್ಲಿ ಈ ವರ್ಷ ಎಷ್ಟು ಹೆರಿಗೆಯಾದವು ಎಂದು ಕೇಳಿದರೆ ಒಂದು ಅಂಕಿ ಬಂದು ಕೂರುತ್ತದೆ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಹೊನ್ನಾವರ ತಾಲ್ಲೂಕಿನಲ್ಲಿ ತಾಯಿ ಕಾರ್ಡ್ ಪಡೆದವರಲ್ಲಿ ಎಷ್ಟು ಜನ ಅಲ್ಲೇ ಹೆತ್ತರು, ಎಷ್ಟು ಜನ ಕುಂದಾಪುರ, ಉಡುಪಿ, ಮಂಗಳೂರಿಗೆ ಹೋದರು, ಹೋದವರಲ್ಲಿ ಕೊನೆಯ ಗಳಿಗೆಯಲ್ಲಿ ಕಳಿಸಲ್ಪಟ್ಟವರು ಎಷ್ಟು ಎಂದು ಕೇಳಿದರೆ ಆಸ್ಪತ್ರೆಯ ಒಳಮೈ ಕಾಣುತ್ತದೆ.

ಮಾಡಲು ಮನಸ್ಸಿದ್ದರೆ ಆಗುತ್ತದೆ ಎಂಬುದಕ್ಕೆ ಮಂಗನ ಕಾಯಿಲೆಯೇ ಸಾಕ್ಷಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಭಾಗದಲ್ಲಿ ಆ ಜ್ವರ ಜೋರಾಗಿ ಹಬ್ಬಿತು. ಅಲ್ಲಿಂದ ಘಟ್ಟ ಇಳಿದರೆ ಹೊನ್ನಾವರದ ಗೇರುಸೊಪ್ಪೆ. ರೋಗಿಗಳಲ್ಲಿ ಬಹಳ ಜನ ದಾಖಲಾದದ್ದು ಮಣಿಪಾಲದಲ್ಲಿ. ಆಗ ಉಡುಪಿ ಜಿಲ್ಲೆಯ ಅಧಿಕಾರಿಗಳು ಇವರು ಶಿವಮೊಗ್ಗದವರು, ನಮ್ಮವರಲ್ಲ ಎಂದು ಬೇರೆ ಮಾಡಿಯೇ ಲೆಕ್ಕ ಕೊಡುತ್ತಿದ್ದರು. ಸೋಂಕು ತಗುಲಿದ ಕಾಡು ಯಾವುದೆಂದು ತಿಳಿಯದೆ ಆ ಕಾಯಿಲೆಯ ಬೆನ್ನು ಹತ್ತಲಾಗದು, ಹಾಗಾಗಿ ವಿಳಾಸ ಮುಖ್ಯವಾಯಿತು. ಉಣ್ಣೆ ಕಚ್ಚಿ ಬರುವ ಈ ಜ್ವರಕ್ಕೆ ಸಾಧ್ಯವಾದದ್ದು ಹೃದಯಾಘಾತಕ್ಕೆ ಏಕೆ ಸಾಧ್ಯವಾಗಬಾರದು?

ವೈದ್ಯರ ಹುದ್ದೆಗಳ ಲೆಕ್ಕದಲ್ಲಿ ಇನ್ನೊಂದು ಬಗೆಯ ಮರೆಮಾಚು. ಮಂಜೂರಾದ ಹುದ್ದೆ, ಭರ್ತಿಯಾದದ್ದು, ಖಾಲಿ ಇರುವುದು ಎಂಬ ಮೂರು ಕಲಂಗಳ ಪಟ್ಟಿ ಎಲ್ಲರಿಗೂ ಪರಿಚಿತ. ತುರ್ತು ಸಿಸೇರಿಯನ್ ನಡೆಯಬೇಕೆಂದರೆ ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು ಮೂವರೂ ಬೇಕು, ರಕ್ತವೂ ಸಿಗಬೇಕು. ಮೂವರಲ್ಲಿ ಇಬ್ಬರಿದ್ದರೆ ಪಟ್ಟಿಯ ಪ್ರಕಾರ ಮೂರನೇ ಎರಡು ಭಾಗ ಭರ್ತಿ. ಅರಿವಳಿಕೆ ಕೊಡುವವರೇ ಇಲ್ಲದ ರಾತ್ರಿ ಹೆರಿಗೆನೋವು ತಿಂದವಳಿಗೆ ಅದು ಸೊನ್ನೆ. 'ಭರ್ತಿ' ಎಂದು ತೋರಿಸಿದವರು ನಿಯೋಜನೆಯ ಮೇಲೆ ಬೇರೆ ಊರಿನಲ್ಲಿ ಇರಬಹುದು, ಸಂಬಳ ಮಾತ್ರ ಇಲ್ಲಿಂದ. ಹೀಗಿರುವಾಗ ಹುದ್ದೆ ಎಷ್ಟು ಎನ್ನುವುದಕ್ಕಿಂತ, ಕಳೆದ ವರ್ಷ ಎಷ್ಟು ರಾತ್ರಿ ಆ ಆಸ್ಪತ್ರೆಯಲ್ಲಿ ಸಿಸೇರಿಯನ್ ನಡೆಸುವ ಸ್ಥಿತಿ ಇತ್ತು ಎಂಬುದು ಹೆಚ್ಚು ಉಪಯೋಗದ ಪ್ರಶ್ನೆ. ಇಲಾಖೆಗೆ ಇದು ಮುಜುಗರದ ಪ್ರಶ್ನೆ, ಒಪ್ಪುತ್ತೇನೆ. ಉಪಪ್ರಶ್ನೆಯ ಹಕ್ಕನ್ನು ಹಿರಿಯರು ಪಡೆದದ್ದು ಮುಜುಗರಕ್ಕೆಂದೇ.

ಗಡಿಗೆರೆಗಳ ಗೋಜಲೂ ಸಣ್ಣದಲ್ಲ. ಹೊನ್ನಾವರ ಒಂದೇ ತಾಲ್ಲೂಕು, ವಿಧಾನಸಭೆಗೆ ಬಂದರೆ ಎರಡು ಪಾಲು. ಹೊನ್ನಾವರ ಪೇಟೆ ಕುಮಟಾ ಕ್ಷೇತ್ರಕ್ಕೆ, ಮಂಕಿ ಭಟ್ಕಳ ಕ್ಷೇತ್ರಕ್ಕೆ. ಇಲಾಖೆಗಳ ಕಡತ ನಡೆಯುವುದು ತಾಲ್ಲೂಕಿನ ಮೇಲೆ. ಶಾಸಕರು 'ನನ್ನ ಕ್ಷೇತ್ರದಲ್ಲಿ' ಎಂದು ಕೇಳಿದಾಗ ಹೊನ್ನಾವರದ ಅಂಕಿಯನ್ನು ಇಬ್ಬರಿಗೂ ಇಡಿಯಾಗಿ ಕೊಡಬೇಕೋ, ಒಡೆದು ಕೊಡಬೇಕೋ, ಒಡೆಯುವುದಾದರೆ ಯಾವ ಗೆರೆಯಲ್ಲಿ? ಶಿಕ್ಷಣ ಇಲಾಖೆಗೆ ಬಂದರೆ ಕಂದಾಯದ ಒಂದು ಜಿಲ್ಲೆ ಎರಡು ಶೈಕ್ಷಣಿಕ ಜಿಲ್ಲೆಯಾಗಿದೆ: ಘಟ್ಟದ ಮೇಲಿನದು ಶಿರಸಿ, ಕೆಳಗಿನ ಕರಾವಳಿಯದು ಕಾರವಾರದಿಂದ ನಡೆಯುವ ಉತ್ತರ ಕನ್ನಡ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ 'ಉತ್ತರ ಕನ್ನಡ' ಎಂದರೆ ಕರಾವಳಿ ಮಾತ್ರ. ಆರೋಗ್ಯ ಇಲಾಖೆಯ ಪಟ್ಟಿಯಲ್ಲಿ 'ಉತ್ತರ ಕನ್ನಡ' ಎಂದರೆ ಭಟ್ಕಳದಿಂದ ಹಳಿಯಾಳ, ಮುಂಡಗೋಡದವರೆಗೆ ಇಡೀ ಜಿಲ್ಲೆ. ಒಂದೇ ಹೆಸರಿನ ಈ ಎರಡನ್ನೂ ಪಕ್ಕಪಕ್ಕ ಇಟ್ಟು ಮಾತಾಡಿದ ಭಾಷಣಗಳನ್ನು ನಾವು ಕೇಳುತ್ತಲೇ ಇದ್ದೇವೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಜಿಲ್ಲೆಯ ಮಟ್ಟಕ್ಕೆ ಇಳಿದು ನಿಲ್ಲುತ್ತದೆ. 2019–21ರ ಸುತ್ತಿನಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4 ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ 65.5 ರಕ್ತಹೀನರು ಎಂದಿದೆ. ಬಂದರಿನ ಕೇರಿ, ಅಡಿಕೆ ತೋಟದ ಮನೆ, ಬಯಲುಸೀಮೆಯ ಅಂಚಿನ ಹಳ್ಳಿ ಮೂರೂ ಇರುವ ಜಿಲ್ಲೆಯಲ್ಲಿ ಸರಾಸರಿ ಯಾರ ಮುಖವನ್ನೂ ತೋರಿಸುವುದಿಲ್ಲ. ಆದರೆ ಅಂಗನವಾಡಿಯಲ್ಲಿ ಪ್ರತಿ ತಿಂಗಳೂ ತೂಕ ಹಿಡಿಯುತ್ತಾರೆ. ಆ ಪುಸ್ತಕ ಊರ ಲೆಕ್ಕವೇ.

ಇನ್ನು ವಿದ್ಯಾರ್ಥಿಗಳ ಕಡೆಗೆ. ಇಂದು ವಿದ್ಯಾರ್ಥಿವೇತನವೆಂದರೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ, ಮಕ್ಕಳ ಬಾಯಲ್ಲಿ ಎಸ್‌ಎಸ್‌ಪಿ. ಆಧಾರ್, ಪಡಿತರ ಚೀಟಿ, ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಕಾಲೇಜಿನ ನೋಂದಣಿ ಸಂಖ್ಯೆ ಎಲ್ಲ ತುಂಬಿ ಅರ್ಜಿ ಹಾಕಬೇಕು. ಕಾಲೇಜು ದೃಢೀಕರಿಸಬೇಕು, ಇಲಾಖೆ ಮಂಜೂರು ಮಾಡಬೇಕು, ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿರಬೇಕು. ಸೈಬರ್ ಸೆಂಟರಿನ ಮುಂದೆ ನಿಂತು 'ಎನ್‌ಪಿಸಿಐ ಮ್ಯಾಪಿಂಗ್ ಆಗಿಲ್ಲವಂತೆ' ಎಂದು ಅಪ್ಪನಿಗೆ ಫೋನು ಮಾಡುವ ಪಿಯು ಹುಡುಗಿಗೆ ಈ ಹಾದಿಯ ಒಂದೊಂದು ಮೆಟ್ಟಿಲೂ ಗೊತ್ತು. ಸದನಕ್ಕೆ ಬರುವ ಉತ್ತರದಲ್ಲಿ ಮೆಟ್ಟಿಲುಗಳಿಲ್ಲ. 'ಫಲಾನುಭವಿಗಳ ಸಂಖ್ಯೆ' ಎಂಬ ಒಂದು ಕಲಂ, 'ಬಿಡುಗಡೆಯಾದ ಮೊತ್ತ' ಎಂಬ ಇನ್ನೊಂದು. ಮಂಜೂರಾದವರೆಲ್ಲ ಫಲಾನುಭವಿಗಳೇ? ದುಡ್ಡು ಖಾತೆಗೆ ಬಿದ್ದವರು ಮಾತ್ರವೇ? ಬಿದ್ದದ್ದು ಯಾವ ತಿಂಗಳು? ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ–ವಸತಿಗೆಂದು ವಿದ್ಯಾಸಿರಿಯಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ವ್ಯವಸ್ಥೆ 2013–14ರಲ್ಲಿ ಬಂತು. ಧಾರವಾಡದಲ್ಲಿ ರೂಮು ಮಾಡಿಕೊಂಡ ಕುಮಟಾದ ಹುಡುಗ ಬಾಡಿಗೆ ಕೊಡಬೇಕಾದದ್ದು ಜುಲೈನಿಂದ. ಹಣ ಪರೀಕ್ಷೆ ಮುಗಿದ ಮೇಲೆ ಬಂದರೂ ಅನುಬಂಧದಲ್ಲಿ ಅವನು ಫಲಾನುಭವಿ. ನಡುವೆ ಓದು ಬಿಟ್ಟು ಬೋಟಿಗೆ ಹೋದವನು ಆ ಪಟ್ಟಿಯಲ್ಲಿ ಕಾಣುವುದೇ ಇಲ್ಲ.

ಆ ಹುಡುಗ ಕುಮಟಾದ ಲೆಕ್ಕಕ್ಕೋ ಧಾರವಾಡದ ಲೆಕ್ಕಕ್ಕೋ ಎಂಬುದನ್ನೂ ಉತ್ತರದಲ್ಲಿ ಹೇಳಿಸಬೇಕು. ಕಾಲೇಜಿರುವ ತಾಲ್ಲೂಕನ್ನು ಹಿಡಿದರೆ, ದೊಡ್ಡ ಕಾಲೇಜುಗಳಿರುವ ಊರು ಉದಾರವಾಗಿ ಕಾಣುತ್ತದೆ. ಮಕ್ಕಳನ್ನು ಹೊರಗೆ ಕಳಿಸಿದ ಊರು ಏನೂ ಬೇಡದ ಊರಾಗಿ ಕಾಣುತ್ತದೆ.

ಯೋಜನೆ ಯಾವ ದಾಖಲೆಯ ಮೇಲೆ ನಿಂತಿದೆ ಎಂದೂ ನೋಡಬೇಕು. 2021ರ ಜುಲೈನಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದ ದಿನವೇ ಘೋಷಿಸಿದ ರೈತ ವಿದ್ಯಾನಿಧಿ ಒಳ್ಳೆಯ ಯೋಜನೆ. ಆದರೆ ರೈತ ಯಾರು ಎಂದು ಅದು ಮೊದಲು ಗುರುತಿಸಿದ್ದು ರೈತರ ನೋಂದಣಿಯ ಫ್ರೂಟ್ಸ್ ಸಂಖ್ಯೆಯಿಂದ, ಅದರ ಹಿಂದೆ ಇರುವುದು ಪಹಣಿ. ನಮ್ಮ ಜಿಲ್ಲೆಯಲ್ಲಿ ಅರಣ್ಯ ಅತಿಕ್ರಮಣದ ಜಾಗದಲ್ಲಿ ಎರಡು ಮೂರು ತಲೆಮಾರಿನಿಂದ ಬೇಸಾಯ ಮಾಡುತ್ತ ಪಹಣಿಯಿಲ್ಲದೆ ಇರುವವರ ಸಾಲು ದೊಡ್ಡದು. ಅಜ್ಜನ ಹೆಸರಿನ ಜಂಟಿ ಖಾತೆ ಒಡೆಯದೆ ಉಳಿದ ಮನೆಗಳೂ ಬೇಕಾದಷ್ಟು. ಇವರ ಮಕ್ಕಳು ಸಿಕ್ಕಿಲ್ಲದವರ ಲೆಕ್ಕಕ್ಕೂ ಬರುವುದಿಲ್ಲ, ಅರ್ಜಿಯೇ ಇಲ್ಲವಲ್ಲ. ಭಟ್ಕಳದ ಮೊಗೇರರ ಸಂಗತಿ ಇನ್ನೂ ತೊಡಕಿನದು. ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿರುವ ಹೆಸರು ಈ ಮೀನುಗಾರ ಮೊಗೇರರಿಗೆ ಸಲ್ಲುತ್ತದೋ ಇಲ್ಲವೋ ಎಂಬ ವಿವಾದ ಹಳೆಯದು. ಪ್ರಮಾಣಪತ್ರಕ್ಕಾಗಿ 2022ರಲ್ಲಿ ಅವರು ಭಟ್ಕಳದಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. ವಿವಾದದಲ್ಲಿ ಯಾರು ಸರಿ ಎಂಬುದು ಇಲ್ಲಿನ ಮಾತಲ್ಲ. ಪ್ರಮಾಣಪತ್ರ ನಿಂತರೆ ಪರಿಶಿಷ್ಟ ಜಾತಿಯ ವಿದ್ಯಾರ್ಥಿವೇತನದ ಅಂಕಿ ಇಳಿಯುತ್ತದೆ. ಅದೇ ಮಕ್ಕಳು ಅದೇ ಬೆಂಚಿನಲ್ಲಿ ಕೂತಿದ್ದರೂ ಇಳಿಯುತ್ತದೆ. ಕಾರಣ ಕೇಳದೆ ಅಂಕಿ ಮಾತ್ರ ಓದಿದವನಿಗೆ ಇದು ತಿಳಿಯುವ ಬಗೆಯೇ ಇಲ್ಲ.

ಏರಿಳಿತ ನಂಬಿ ಮೋಸಹೋಗುವ ಇನ್ನೊಂದು ಜಾಗ ಬಸ್ ಪಾಸ್. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸಿನಲ್ಲಿ ಪಾಸಿನ ಹಂಗೇ ಇಲ್ಲ, ಶೂನ್ಯ ಟಿಕೆಟ್ ಸಾಕು. ವಾಯವ್ಯ ಸಾರಿಗೆಯ ವಿದ್ಯಾರ್ಥಿ ಪಾಸುಗಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಕುಸಿದಿದೆ ಎಂದು ಯಾರಾದರೂ ಸದನದಲ್ಲಿ ಗುಡುಗಿದರೆ ಅವರನ್ನು ಈ ಒಂದು ವಾಕ್ಯದಲ್ಲಿ ಕೂರಿಸಬಹುದು. ತಿರುವುಮುರುವಾಗಿ ಹಾವು ಕಡಿತ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಸಾರಿತು. ಆಮೇಲೆ ಅಂಕಿ ಏರಿದರೆ ಗದ್ದೆ ತೋಟದಲ್ಲಿ ಹಾವು ಹೆಚ್ಚಿದವೆಂದು ತಿಳಿಯಬೇಕಿಲ್ಲ, ಬರೆದುಕೊಳ್ಳುವುದು ಹೆಚ್ಚಿದೆ.

ಅಂಕಿ ಸರ್ಕಾರದ್ದು ಎಂದ ಮಾತ್ರಕ್ಕೆ ನಿಜವೂ ಅಲ್ಲ. ಅಲ್ಪಸಂಖ್ಯಾತ ವಿದ್ಯಾರ್ಥಿವೇತನದ ವಿಷಯದಲ್ಲಿ ಕೇಂದ್ರ ಸರ್ಕಾರ ತಾನೇ ದೇಶದಲ್ಲಿ 1,572 ಸಂಸ್ಥೆಗಳನ್ನು ಪರಿಶೀಲಿಸಿ, 830 ನಕಲಿ ಎಂದು 2023ರಲ್ಲಿ ಹೇಳಿ ಸಿಬಿಐಗೆ ಒಪ್ಪಿಸಿತು. ಅದಕ್ಕೆ ಹಿಂದಿನ ವರ್ಷವೇ ಒಂದರಿಂದ ಎಂಟನೇ ತರಗತಿಯ ಮಕ್ಕಳಿಗೆ ಆ ಮೆಟ್ರಿಕ್‌ಪೂರ್ವ ವೇತನ ನಿಂತಿತ್ತು. ಇಲ್ಲದ ಶಾಲೆಯ ಇಲ್ಲದ ಮಕ್ಕಳು ಅಷ್ಟು ವರ್ಷ ಅಂಕಿಯೊಳಗಿದ್ದರು, ಇರುವ ಶಾಲೆಯ ಇರುವ ಮಕ್ಕಳು ಹೊರಗೆ ಬಿದ್ದರು. ಭಟ್ಕಳದಂಥ ಊರಿನಲ್ಲಿ ಇಂಥ ಲೆಕ್ಕವನ್ನು ಕೇಳುವಾಗ ಇನ್ನೊಂದು ಎಚ್ಚರ ಬೇಕು. 1993ರ ಗಲಭೆ ಕಂಡ ಊರದು. ಇಂಥ ಸಮುದಾಯದವರಿಗೆ ಇಷ್ಟು ಲಕ್ಷ ಹೋಯಿತು ಎಂಬ ಒಂಟಿ ಅಂಕಿ ಅಲ್ಲಿ ಮಾಹಿತಿಯಾಗಿ ಉಳಿಯುವುದಿಲ್ಲ, ಕಲ್ಲಾಗುತ್ತದೆ. ಆ ಸಮುದಾಯದ ಮಕ್ಕಳು ಎಷ್ಟಿದ್ದಾರೆ, ಅವರಲ್ಲಿ ಅರ್ಹರೆಷ್ಟು, ಅರ್ಜಿ ಹಾಕಿದವರೆಷ್ಟು ಎಂಬುದೂ ಜೊತೆಗೆ ಬರಬೇಕು. ಇಲ್ಲವಾದರೆ ಕೇಳದಿರುವುದೇ ಮೇಲು.

ಕೇಳಿದ ಮಾತ್ರಕ್ಕೆ ಹೇಳಬೇಕೆಂದೇನೂ ಇಲ್ಲ ಎಂಬುದನ್ನು ಸಂಸತ್ತು ನಮಗೆ ಚೆನ್ನಾಗಿ ತೋರಿಸಿದೆ. 2020ರ ಸೆಪ್ಟೆಂಬರ್‌ನಲ್ಲಿ, ಲಾಕ್‌ಡೌನಿನಲ್ಲಿ ನಡೆದೂ ನಡೆದೂ ಸತ್ತ ವಲಸೆ ಕಾರ್ಮಿಕರೆಷ್ಟು ಎಂದು ಲೋಕಸಭೆಯಲ್ಲಿ ಪ್ರಶ್ನೆ ಬಂತು. ಅಂಥ ದತ್ತಾಂಶ ಇಟ್ಟಿಲ್ಲ ಎಂದು ಕಾರ್ಮಿಕ ಸಚಿವಾಲಯ ಹೇಳಿತು, ಆದ್ದರಿಂದ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ ಎಂದೂ ಸೇರಿಸಿತು. ಮರುವರ್ಷದ ಜುಲೈನಲ್ಲಿ ಆಮ್ಲಜನಕದ ಕೊರತೆಯಿಂದಾದ ಸಾವಿನ ಬಗ್ಗೆ ಕೆ.ಸಿ. ವೇಣುಗೋಪಾಲ್ ರಾಜ್ಯಸಭೆಯಲ್ಲಿ ಕೇಳಿದಾಗ, ಅಂಥ ಸಾವನ್ನು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂಬ ಉತ್ತರ ಬಂತು. ಅದೇ ವರ್ಷದ ಮೇ ತಿಂಗಳ ಮೊದಲ ವಾರ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ರಾತ್ರಿ ಕೋವಿಡ್ ರೋಗಿಗಳು ಸಾಲಾಗಿ ಸತ್ತದ್ದನ್ನು ಕನ್ನಡಿಗರಿಗೆ ಹೇಳಬೇಕಿಲ್ಲ. ಹೈಕೋರ್ಟ್ ನೇಮಿಸಿದ ಸಮಿತಿಯೇ ಆಮ್ಲಜನಕದ ಕೊರತೆಯತ್ತ ಬೆರಳು ಮಾಡಿತ್ತು. ರಾಜ್ಯಸಭೆಯ ಉತ್ತರದಲ್ಲಿ ಸುಳ್ಳಿನ ಒಂದು ಪದವೂ ಇಲ್ಲದಿರಬಹುದು. ವರದಿಯ ನಮೂನೆಯಲ್ಲಿ ಆ ಕಲಂ ಇರದಿದ್ದರೆ ಯಾರು, ಎಲ್ಲಿ ವರದಿ ಮಾಡಬೇಕಿತ್ತು? ಹಾಗಾಗಿ ಜಾಣ ಶಾಸಕ ಅಂಕಿಗೆ ಮುಂಚೆ ನಮೂನೆಯನ್ನು ಕೇಳಬೇಕು: ಯಾವ ಕಲಂಗಳಲ್ಲಿ ಬರೆದಿಡುತ್ತೀರಿ, ಯಾವುದನ್ನು ಬರೆಯುವುದಿಲ್ಲ, ಏಕೆ?

ಇದಕ್ಕೆ ಎದುರು ಮಾತು ಇಲ್ಲದಿಲ್ಲ. ನಾನು ಗೌರವಿಸುವ ಎದುರು ಮಾತು ಶಾಲೆಗಳಿಂದ ಬರುತ್ತದೆ. ಸದನದ ಪ್ರಶ್ನೆ ಎಂದರೆ ಬೆಂಗಳೂರಿನಿಂದ ಕಾರವಾರಕ್ಕೆ, ಅಲ್ಲಿಂದ ಬಿಇಒ ಕಚೇರಿಗೆ, ಅಲ್ಲಿಂದ ಸಿಆರ್‌ಪಿಗೆ, ಕೊನೆಗೆ ಇಬ್ಬರೇ ಶಿಕ್ಷಕರಿರುವ ಶಾಲೆಯ ಮುಖ್ಯಾಧ್ಯಾಪಕರ ಮೊಬೈಲಿಗೆ 'ಅತಿ ತುರ್ತು, ಇಂದು ಮೂರು ಗಂಟೆಯೊಳಗೆ' ಎಂಬ ಸಂದೇಶ. ಅವರು ನಾಲ್ಕನೇ ತರಗತಿಯವರಿಗೆ ಮಗ್ಗಿ ಬರೆಯಲು ಹೇಳಿ ಎಕ್ಸೆಲ್ ತೆರೆಯುತ್ತಾರೆ. ನೆಟ್‌ವರ್ಕ್ ಇಲ್ಲದಿದ್ದರೆ ಗುಡ್ಡ ಹತ್ತುತ್ತಾರೆ. ಹೋದ ಅಧಿವೇಶನದಲ್ಲಿ ಕೊಟ್ಟದ್ದನ್ನೇ ಈ ಸಲ ಬೇರೆ ನಮೂನೆಯಲ್ಲಿ ಕೊಡಬೇಕು. ಆರೋಗ್ಯ ಉಪಕೇಂದ್ರದಲ್ಲೂ ಇದೇ ಪಾಡು. ಮಕ್ಕಳ ನೆರವಿನ ಪ್ರಶ್ನೆ ಮಕ್ಕಳ ಪಾಠವನ್ನೇ ತಿನ್ನುವುದು ವಿಪರೀತ. ಆದರೆ ಈ ಹೊರೆ ಪ್ರಶ್ನೆಯಿಂದ ಹುಟ್ಟಿದ್ದಲ್ಲ. ತಂತ್ರಾಂಶದಲ್ಲಿ ಈಗಾಗಲೇ ಇರುವುದನ್ನು ಮತ್ತೆ ಕೆಳಗಿನವರಿಂದ ಕೇಳುವ ಇಲಾಖೆಗಳ ಚಾಳಿಯಿಂದ ಹುಟ್ಟಿದ್ದು. ಎಸ್‌ಎಸ್‌ಪಿಯ, ಸುರಕ್ಷಾ ಟ್ರಸ್ಟಿನ, ಜನನ ಮರಣದ ತಂತ್ರಾಂಶದ ಗಣಕ ಬೆಂಗಳೂರಿನಲ್ಲಿದೆ. ನಾನು ಮೇಲೆ ಹೇಳಿದ ಯಾವ ಪ್ರಶ್ನೆಗೂ ಮುಖ್ಯಾಧ್ಯಾಪಕರಿಗೆ ಫೋನು ಹೋಗಬೇಕಾಗಿಲ್ಲ.

ಸರಿ, ಕೇಳುವವರು ಯಾರು? ಈ ಪ್ರಶ್ನೆ ನಮ್ಮ ಕರಾವಳಿಯಲ್ಲಿ ಬರೀ ಮಾತಿನ ಅಲಂಕಾರವಲ್ಲ. 2023ರ ಮೇ ಚುನಾವಣೆಯಲ್ಲಿ ಭಟ್ಕಳದಿಂದ ಗೆದ್ದ ಮಂಕಾಳ ವೈದ್ಯ ಮೀನುಗಾರಿಕೆ ಸಚಿವರಾದರು. ಸಚಿವರಾದವರು ಉತ್ತರ ಕೊಡುವ ಸಾಲಿನಲ್ಲಿ ಕೂರುತ್ತಾರೆ, ಪ್ರಶ್ನೆ ಕೇಳುವ ಸಾಲಿನಲ್ಲಿ ಅಲ್ಲ. ಕ್ಷೇತ್ರಕ್ಕೆ ಸಚಿವರು ಸಿಕ್ಕರೆಂದು ಪಟಾಕಿ ಹೊಡೆದವರು ಯಾರೂ ಆ ದಿನ ಭಟ್ಕಳ ವಿಧಾನಸಭೆಯಲ್ಲಿ ತನ್ನ ಪ್ರಶ್ನೆಗಾರನನ್ನು ಕಳೆದುಕೊಂಡಿತೆಂದು ಯೋಚಿಸಿರಲಾರರು. ಈ ಭಾಗವೂ ಸೇರುವ ಪಶ್ಚಿಮ ಶಿಕ್ಷಕರ ಕ್ಷೇತ್ರದ ಬಸವರಾಜ ಹೊರಟ್ಟಿ 2022ರ ಡಿಸೆಂಬರ್‌ನಲ್ಲಿ ಪರಿಷತ್ತಿನ ಸಭಾಪತಿಯಾದರು. ಆ ಪೀಠದಿಂದಲೂ ಪ್ರಶ್ನೆ ಕೇಳುವಂತಿಲ್ಲ. ವಿಧಾನಸಭೆಯಲ್ಲಿ ಕುಮಟಾದ ದಿನಕರ ಶೆಟ್ಟಿ ಒಬ್ಬರೇ ಮೂರು ತಾಲ್ಲೂಕಿಗೂ ಬಾಯಾಗಬೇಕಾಯಿತು. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು 2005ರಲ್ಲಿ ನಾವೇ ಕಾಯ್ದೆ ಮಾಡಿಕೊಂಡು ನಾವೇ ಮರೆತಿದ್ದೇವೆ. ಇಷ್ಟು ಕಡಿಮೆ ಬಾಯಿ, ಇಷ್ಟು ಕಡಿಮೆ ದಿನ ಇರುವಾಗ 'ಗಮನಕ್ಕೆ ಬಂದಿದೆಯೇ' ಎಂದು ಕೇಳಿ ಒಂದು ಪ್ರಶ್ನೆಯನ್ನು ಹಾಳು ಮಾಡುವುದು ದುಂದು.

ಪ್ರಜೆಗಳೇ ಮಾಹಿತಿ ಹಕ್ಕಿನಲ್ಲಿ ಕೇಳಬಹುದಲ್ಲ ಎನ್ನುವವರಿದ್ದಾರೆ. ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ ಎಂಬ ಮಾತು 2005ರ ಆ ಕಾಯ್ದೆಯ ಎಂಟನೇ ಕಲಮಿನಲ್ಲಿತ್ತು. ವೈಯಕ್ತಿಕ ದತ್ತಾಂಶ ಸಂರಕ್ಷಣೆಯ 2023ರ ಕಾಯ್ದೆ ಅದನ್ನು ತೆಗೆದುಹಾಕುವ ತಿದ್ದುಪಡಿ ಮಾಡಿತು. ಪ್ರಜೆಯ ಕೈ ಸಣ್ಣದಾದಷ್ಟೂ ಶಾಸಕರ ಪ್ರಶ್ನೆಯ ತೂಕ ಹೆಚ್ಚುತ್ತದೆ.

ನನ್ನನ್ನು ಯಾರೂ ಕೇಳಿಲ್ಲವಾದರೂ, ಮುಂದಿನ ಅಧಿವೇಶನಕ್ಕೆ ಒಂದು ಪ್ರಶ್ನೆ ಬರೆದುಕೊಡಬಹುದಾದರೆ ಅದು ಹೀಗಿರುತ್ತದೆ. (ಅ) ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಖಾಯಂ ವಿಳಾಸವಿರುವ ಎಷ್ಟು ಮಂದಿ ಕಳೆದ ಮೂರು ವರ್ಷಗಳಲ್ಲಿ ಆರೋಗ್ಯ ಕರ್ನಾಟಕದಡಿ ಜಿಲ್ಲೆಯ ಹೊರಗೆ ಚಿಕಿತ್ಸೆ ಪಡೆದಿದ್ದಾರೆ, ಗ್ರಾಮ ಪಂಚಾಯಿತಿವಾರು, ಕಾಯಿಲೆವಾರು? (ಆ) ಇದೇ ತಾಲ್ಲೂಕುಗಳ ವಿಳಾಸವಿದ್ದು ಬೇರೆ ಜಿಲ್ಲೆಗಳಲ್ಲಿ ನೋಂದಣಿಯಾದ ಮರಣಗಳೆಷ್ಟು? (ಇ) ಇದೇ ವಿಳಾಸದ ವಿದ್ಯಾರ್ಥಿಗಳ ಎಸ್‌ಎಸ್‌ಪಿ ಅರ್ಜಿಗಳು ಸಲ್ಲಿಕೆ, ದೃಢೀಕರಣ, ಮಂಜೂರಾತಿ, ಪಾವತಿ ಹಂತಗಳಲ್ಲಿ ಎಷ್ಟೆಷ್ಟು ಉಳಿದವು, ಪಾವತಿ ಯಾವ ತಿಂಗಳಲ್ಲಿ ಆಯಿತು? (ಈ) ಮೇಲಿನವುಗಳಲ್ಲಿ ಯಾವುದನ್ನು ಸರ್ಕಾರ ಕೂಡಿಸಿಡುತ್ತಿಲ್ಲ, ಕಾರಣವೇನು? ಕೊನೆಯದನ್ನು ಬೇಕೆಂದೇ ಇಟ್ಟಿದ್ದೇನೆ. 'ಬಂದಿದೆ', 'ಬಂದಿರುವುದಿಲ್ಲ' ಎರಡೂ ಅದಕ್ಕೆ ಉತ್ತರವಾಗುವುದಿಲ್ಲ.

ಹೀಗೆ ಬಂದ ಅಂಕಿಗಳನ್ನು ಎಷ್ಟು ಜನರಿಗೆ ಭಾಗಿಸಬೇಕು ಎಂಬ ತೊಡಕು ಉಳಿಯುತ್ತದೆ. ಮೂರೂ ತಾಲ್ಲೂಕುಗಳಲ್ಲಿ ತಲಾ ಒಂದೂವರೆ ಲಕ್ಷದ ಆಚೀಚೆ ಜನ, ಜಿಲ್ಲೆಗೆ 14,37,169 ಎಂದು ನಾವು ಹೇಳುತ್ತಿರುವುದು 2011ರ ಜನಗಣತಿ ಹಿಡಿದು. ಆಗ ಹುಟ್ಟಿದ ಕೂಸು ಈಗ ಎಸ್ಸೆಸ್ಸೆಲ್ಸಿಯ ಹೊಸ್ತಿಲಲ್ಲಿದೆ. ಮುಂದಿನ ಗಣತಿಗೆ 2027ರ ಮಾರ್ಚ್ 1 ಗೊತ್ತುಮಾಡಿದ್ದಾರೆ. ಆ ಹೊತ್ತಿಗೆ ಇಲಾಖೆಗಳ ತಂತ್ರಾಂಶದಲ್ಲಿ ವಾಸದ ಗ್ರಾಮ ಪಂಚಾಯಿತಿಯ ಖಾನೆ ತುಂಬಿ ಸಿದ್ಧವಾಗಿದ್ದರೆ, ಹೊನ್ನಾವರವನ್ನು ಹೇಗೆ ಒಡೆದರೂ ಹೇಗೆ ಕೂಡಿಸಿದರೂ ಲೆಕ್ಕ ಸಿಗುತ್ತದೆ. ಅದನ್ನು ಮಾಡಿಸುವ ಪ್ರಶ್ನೆಯನ್ನು ಈ ಅಧಿವೇಶನದಲ್ಲೇ ಹಾಕಬಹುದು.